ಬೆಂಚಿನ ತಾಳ, ಭಾಗವತನ ನಗೆ

ನಮ್ಮ ಶಾಲೆಯ ಗ್ಯಾದರಿಂಗ ನೆನೆದರೆ ಮೊದಲು ಕಿವಿಗೆ ಬರುವುದು ಬೆಂಚಿನ ತಾಳ. ಹತ್ತನೆಯ ತರಗತಿಯ ನಾಲ್ವರು ಗೆಳೆಯರು ಬೆಂಚು, ಎಣ್ಣೆ ಡಬ್ಬಿ, ಭಜನೆಯ ತಾಳ ಇಷ್ಟರಲ್ಲೇ ಒಂದು ಮೇಳ ಕಟ್ಟಿದ್ದರು. ಒಬ್ಬ ಹಾಡುವವ, ಇನ್ನೊಬ್ಬ ನಡುನಡುವೆ ಬಾಯಿ ಹಾಕಿ ಕೊಂಕು ಪ್ರಶ್ನೆ ಕೇಳುವವ. ಗಣಿತದ ಪರೀಕ್ಷೆ, ತಡವಾಗಿ ಬರುವ ಬಸ್ಸು ಎಲ್ಲವೂ ಹಾಡಾದವು. ಗುರುಗಳೂ ನಕ್ಕರು.

ಶಾಲಾ ಗೆಳೆಯರು ಹೀಗೆ ಮೇಳ ಕಟ್ಟುವುದು ಎಲ್ಲ ಕಡೆಗೂ ಇದ್ದದ್ದೇ. 1956ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಲೆನನ್ ತನ್ನ ಸಹಪಾಠಿಗಳೊಡನೆ ಕಟ್ಟಿದ ತಂಡಕ್ಕೆ ಶಾಲೆಯ ಹೆಸರಿನಿಂದಲೇ 'ಕ್ವಾರಿಮೆನ್' ಎಂಬ ಹೆಸರು ಬಂತು. ಬಟ್ಟೆ ಒಗೆಯುವ ಹಲಗೆ, ಚಹಾಪುಡಿಯ ಪೆಟ್ಟಿಗೆಗಳೂ ಅವರ ವಾದ್ಯಗಳಾಗಿದ್ದವು. ಮುಂದೆ ಜಗತ್ತೇ ಕೇಳಿದ 'ಬೀಟಲ್ಸ್' ರಾಕ್ ಬ್ಯಾಂಡ್ ಬೆಳೆದದ್ದು ಅದರಿಂದಲೇ.

ನಮ್ಮ ಹುಡುಗರು ಲಿವರ್‌ಪೂಲಿನ ಹೆಸರು ಕೇಳಿದವರಲ್ಲ. ಅವರಿಗೆ ಮಾದರಿ ಊರಲ್ಲೇ ಇತ್ತು. ಅದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನವರು ರಚಿಸಿದ ಈ ಕಥೆಯನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದವರು ಕುಲಗೋಡ ತಮ್ಮಣ್ಣನವರು. ಅಂದು ಗೋಕಾಕ ತಾಲೂಕಿನಲ್ಲಿದ್ದ ಕುಲಗೋಡ ಇಂದು ಮೂಡಲಗಿ ತಾಲೂಕಿಗೆ ಸೇರಿದೆ. ಹೆಣ್ಣುಮಕ್ಕಳು ರಂಗ ಏರುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮನವರು ಈ ಆಟಕ್ಕೆ ದೊಡ್ಡ ಹೆಸರು ತಂದರು.

ಕಥೆ ಚಿಕ್ಕದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಹಾರ್ಮೋನಿಯಂ, ತಬಲಾ, ತಾಳಗಳ ಜೊತೆ ಹಾಡು ಸಾಗುತ್ತಿದ್ದರೆ ನಗೆಯ ಭಾರವೆಲ್ಲ ಭಾಗವತ ಮತ್ತು ದೂತಿಯದು. ಬಂದ ಪಾತ್ರವನ್ನು ಭಾಗವತ ಆಡುಮಾತಿನಲ್ಲೇ ತಡೆದು ಕೇಳುತ್ತಾನೆ. ಕೃಷ್ಣನೂ ಉತ್ತರ ಕೊಡಲೇಬೇಕು. ಬೆಳತನಕ ಆಟ ನೋಡಿ ಬಂದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಕ್ಕಳಿಗೆ, ದೊಡ್ಡವರನ್ನು ನೋಯಿಸದೆ ಪ್ರಶ್ನಿಸುವ ಈ ಜಾಣತನ ಸಹಜವಾಗಿಯೇ ಬಂದಿತ್ತು.

ಪಾರಿಜಾತದ ಹಾಡುಗಳು ಅಚ್ಚಾಗಿ ಉಳಿದಿವೆ. ಆದರೆ ಆಯಾ ರಾತ್ರಿ, ಆಯಾ ಊರಿಗೆ ತಕ್ಕಂತೆ ಹುಟ್ಟಿದ ನಗೆಮಾತು ಬಹುಪಾಲು ಬೆಳಗಾಗುವುದರೊಳಗೆ ಕರಗಿಹೋಗಿದೆ. ನಮ್ಮ ಗೆಳೆಯರ ಹಾಡಿಗೂ ಅದೇ ಗತಿ. ಯಾರೂ ಬರೆದಿಡಲಿಲ್ಲ; ನಾಲ್ವರೂ ನಾಲ್ಕು ದಿಕ್ಕಿಗೆ ಹೋದರು. ಇಂದು ನನಗೆ ತಾಳ ನೆನಪಿದೆ, ಮಾತು ನೆನಪಿಲ್ಲ.

ಶಾಲೆಯ ಇತಿಹಾಸವೆಂದರೆ ಕಟ್ಟಡ, ಫಲಿತಾಂಶಗಳಷ್ಟೇ ಅಲ್ಲ. ಸುವರ್ಣ ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ನೆನಪಿದ್ದಷ್ಟು ಹಾಡಿರಿ. ಇಂದಿನ ಮಕ್ಕಳೇ, ಅದನ್ನು ಮೊಬೈಲಿನಲ್ಲಿ ಹಿಡಿದಿಡಿರಿ, ವಹಿಯಲ್ಲಿ ಬರೆದಿಡಿರಿ. ಆಮೇಲೆ ನಿಮ್ಮದೇ ಬೆಂಚು ಬಾರಿಸಿ ಹೊಸ ಹಾಡು ಕಟ್ಟಿರಿ.