ತಾಳೆಯಾಗದ ಹೆಸರು: ಹುಮನಾಬಾದ್ ಸೀಮೆಯ ಅರ್ಜಿ ನಮೂನೆಗಳ ಚರಿತ್ರೆ

ಅರ್ಜಿ ನಮೂನೆ ಬಂದ ಕಡೆಯೆಲ್ಲ ಅದನ್ನು ತಾಳೆ ನೋಡುವವರೂ ಬಂದಿದ್ದಾರೆ. ಕಾಲಂ ಹಾಕುವುದು ಒಂದು ಕೆಲಸ. ತುಂಬಿದ್ದು ಸರಿಯೇ ಎಂದು ನೋಡಿ ಒಪ್ಪುವುದು, ಇಲ್ಲವೇ ಮರಳಿಸುವುದು ಇನ್ನೊಂದು. ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಮಾಣಿಕನಗರದ ಸುತ್ತಮುತ್ತ ಈ ಎರಡನೇ ಕೆಲಸ ಊರಿನ ಲೆಕ್ಕ ಬರೆಯುತ್ತಿದ್ದ ಪಟವಾರಿಯ ಕೈಯಿಂದ ಗ್ರಾಮ ಲೆಕ್ಕಿಗರಿಗೆ, ಅಲ್ಲಿಂದ ತಾಲೂಕು ಕಚೇರಿಯ ಕಂಪ್ಯೂಟರಿಗೆ, ಈಗ ಮೊಬೈಲಿನ ಬ್ರೌಸರಿಗೆ ದಾಟಿದೆ. ದಾಟುವ ದಾರಿಯಲ್ಲಿ ಲಿಪಿ ಬದಲಾಯಿತು, ಕಾಲಗಣನೆಯೂ ಬದಲಾಯಿತು. ಇವತ್ತು ಪರದೆಯ ಮೇಲೆ ಕೆಂಪಕ್ಷರದಲ್ಲಿ ಕಾಣುವ ಎಷ್ಟೋ ತಪ್ಪುಗಳ ಬೇರು ಅಲ್ಲಿದೆ.

ಈ ಸೀಮೆಗೆ ನಮೂನೆಯ ಶಿಸ್ತು ಬಹಳ ಹಳೆಯದು. ಇಂದಿನ ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯರ ಕಾಲದ ದಾನಶಾಸನಗಳು ಬಹುಪಾಲು ಒಂದೇ ಕ್ರಮದಲ್ಲಿ ಸಾಗುತ್ತವೆ: ದೊರೆಯ ಪ್ರಶಸ್ತಿ, ವರ್ಷ ತಿಥಿ ವಾರ, ಕೊಟ್ಟವರು, ಪಡೆದವರು, ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಕೊನೆಗೆ ಅಳಿಪಿದವರಿಗೆ ಶಾಪ. ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ದೇವಾಲಯದ ಗೋಡೆಯಲ್ಲಿ ಆ ವಂಶದ ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯಿದ್ದಾಳೆ. ಬರೆಯುವ ಕೆಲಸಕ್ಕೆ ಆ ಕಾಲ ಕೊಟ್ಟ ಗೌರವ ಅವಳ ಬೆರಳುಗಳಲ್ಲಿ ಇಂದಿಗೂ ಕಾಣುತ್ತದೆ.

ಇಂದಿನ ಅರ್ಥದ ಕಾಲಂಗಳು ಬಂದದ್ದು ಹೈದರಾಬಾದ್ ನಿಜಾಮರ ಆಡಳಿತದಲ್ಲಿ. ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ, ಅಂದರೆ ಜಿಲ್ಲೆಗಳ ಆಡಳಿತ ವ್ಯವಸ್ಥೆ, ತಂದರು. ಮಾಣಿಕನಗರದ ಸ್ಥಾಪಕರಾದ ಮಾಣಿಕಪ್ರಭುಗಳು ಸಮಾಧಿಸ್ಥರಾದದ್ದೂ ಅದೇ ವರ್ಷ. 1884ರಲ್ಲಿ ಆಡಳಿತ ಭಾಷೆ ಫಾರಸಿಯಿಂದ ಉರ್ದುವಿಗೆ ತಿರುಗಿತು. ಆಗಿನ ಕಂದಾಯದ ಕಾಲಗಣನೆಯಾದ ಫಸಲಿಯ 1317ರ ಭೂಕಂದಾಯ ಕಾಯ್ದೆ, ಅಂದರೆ 1907-08ರದ್ದು, ದಾಖಲೆಗಳಿಗೆ ಗಟ್ಟಿ ಚೌಕಟ್ಟು ಕೊಟ್ಟಿತು. ಸೇತ್ವಾರ್ (ಸರ್ವೆಯ ಮೂಲ ದಾಖಲೆ), ಪಹಣಿ (ಹೊಲ ಮತ್ತು ಬೆಳೆಯ ದಾಖಲೆ), ಪಟ್ಟಾ (ಹಿಡುವಳಿ ಹಕ್ಕಿನ ದಾಖಲೆ) ಎಂಬ ಮಾತುಗಳು ಊರಿನ ಬಾಯಲ್ಲಿ ನೆಲೆಯಾದವು. ಪಟವಾರಿ ಬರೆಯುತ್ತಿದ್ದ, ಗಿರ್ದಾವರ್ ಹೊಲಕ್ಕೆ ಹೋಗಿ ನೋಡುತ್ತಿದ್ದ, ತಹಶೀಲ್ದಾರ್ ಮೊಹರು ಹಾಕುತ್ತಿದ್ದ. ತಾಳೆ ನೋಡುವುದೆಂದರೆ ಬದುವಿನ ಮೇಲೆ ನಿಂತು ಬೆಳೆ ನೋಡುವುದೇ ಆಗಿತ್ತು. ಪಟವಾರಿಗೆ ಎಲ್ಲರ ಮನೆತನ ಗೊತ್ತಿದ್ದುದರಿಂದ ಹೆಸರಿನ ಅಕ್ಷರ ಒಂದೆರಡು ಆಚೀಚೆಯಾದರೂ ತೊಂದರೆಯಿರಲಿಲ್ಲ. ಅದೇ ಪರಿಚಯ ಬಡವರ ಮೇಲೆ ಅಧಿಕಾರವೂ ಆಗುತ್ತಿತ್ತು. ಅವನು ಬರೆಯದಿದ್ದರೆ ಹೊಲವೇ ಇಲ್ಲ.

‘ಮಾಣಿಕ’ ಎಂಬ ಹೆಸರನ್ನೇ ಉರ್ದುವಿನಲ್ಲಿ ಬರೆದು ನೋಡಬಹುದು. ಮೀಮ್, ಅಲಿಫ್, ನೂನ್, ಕಾಫ್: ನಾಲ್ಕೇ ಅಕ್ಷರ. ಆ ಲಿಪಿಯಲ್ಲಿ ಣಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ, ಹ್ರಸ್ವ ಇಕಾರವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕಚೇರಿಯ ಅವಸರದ ಶಿಕಸ್ತಾ ಬರವಣಿಗೆಯಲ್ಲಿ ಚುಕ್ಕೆಗಳೂ ಬಿಟ್ಟುಹೋಗುತ್ತಿದ್ದವು. ಓದುವವನಿಗೆ ಊರು ಗೊತ್ತಿದ್ದರೆ ಅದು ಮಾಣಿಕ; ಗೊತ್ತಿಲ್ಲದಿದ್ದರೆ ಮಾನಿಕ, ಮಾನಕ. ಕನ್ನಡ, ಮರಾಠಿ, ಉರ್ದು ಮೂರೂ ಮಾತಾಡುವ ಈ ಜಿಲ್ಲೆಯಲ್ಲಿ ಮಾಣಿಕಪ್ಪ, ಮಾಣಿಕರಾವ್ ಎಂಬ ಹೆಸರಿನವರು ಬೇಕಾದಷ್ಟಿದ್ದಾರೆ. ಅವರ ಹೆಸರು ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಬ್ಬನೇ ಮನುಷ್ಯ ಕಾಗದದಲ್ಲಿ ಮೂವರಾದದ್ದುಂಟು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1358 ಫಸಲಿಯ ಕಾನೂನಿನಿಂದ ಜಹಗೀರುಗಳು ರದ್ದಾದವು. ಅದೇ ಫಸಲಿಯ ಹಕ್ಕುದಾಖಲೆ ಕಾನೂನಿನಡಿ 1954-55ರಲ್ಲಿ ಖಾಸ್ರಾ ಪಹಣಿ ಸಿದ್ಧವಾಯಿತು. ಜಮೀನಿನ ತಕರಾರು ಬಂದಾಗ ವಕೀಲರು ಈಗಲೂ ಅದನ್ನು ಕೇಳುತ್ತಾರೆ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಒಡೆದು ಒಂದು ಭಾಗ ಮೈಸೂರಿಗೆ, ಉಳಿದದ್ದು ಮುಂಬಯಿ ಮತ್ತು ಆಂಧ್ರಪ್ರದೇಶಕ್ಕೆ ಸೇರಿತು. 1963ರಲ್ಲಿ ವಂಶಪಾರಂಪರ್ಯದ ಪಟವಾರಿಕೆ ಹೋಯಿತು. 1964ರ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಗಳ ಮೇಲೆ ಇಡೀ ರಾಜ್ಯಕ್ಕೆ ಒಂದೇ ಪಹಣಿ ಬಂತು: ನಮೂನೆ 16.

ನಮೂನೆ 16 ಕಂಪ್ಯೂಟರಿಗೆ ಏರಿದ್ದು ‘ಭೂಮಿ’ ಯೋಜನೆಯಲ್ಲಿ. ಮದ್ದೂರಿನ ಪ್ರಯೋಗದ ನಂತರ 2000ದಿಂದ ತಾಲೂಕು ತಾಲೂಕಾಗಿ ಹಬ್ಬಿ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ದಾಖಲಾದವು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು, 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರತೊಡಗಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಹಕ್ಕು ಬದಲಾವಣೆಯ (ಮ್ಯುಟೇಶನ್) ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂದು ತಂತ್ರಾಂಶವೇ ಕಟ್ಟು ಹಾಕಿತು. ರೈತನ ಕಣ್ಣಿನಿಂದ ನೋಡಿದರೆ ಈ ಸರದಿಯ ನಿಯಮವೇ ಎಲ್ಲಕ್ಕಿಂತ ದೊಡ್ಡದು.

ಪಹಣಿಯ ಒಂದು ಅಂಕಿಯನ್ನು ಹತ್ತಿರದಿಂದ ನೋಡಿದರೆ ತಾಳೆ ನೋಡುವ ಕೆಲಸ ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ. ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ ನಲವತ್ತು ಗುಂಟೆ. ಆದ್ದರಿಂದ 2.45 ಎಂಬ ಬರಹಕ್ಕೆ ಅರ್ಥವೇ ಇಲ್ಲ. ಆದರೆ ಬರೀ ‘ಸಂಖ್ಯೆ’ ಎಂದು ನೋಡುವ ನಮೂನೆ ಅದನ್ನು ಸುಮ್ಮನೆ ಒಪ್ಪಿಬಿಡುತ್ತದೆ. ಬೇಸಾಯದ ಲೆಕ್ಕ ಗೊತ್ತಿದ್ದವರು ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ, ಗುಂಟೆಗೆ 39ರ ಮಿತಿ ಹಾಕುತ್ತಾರೆ. ಹಾಗೆಯೇ ಮೂರನೇ ಕಾಲಂನ ಒಟ್ಟು ವಿಸ್ತೀರ್ಣವೂ ಒಂಬತ್ತನೇ ಕಾಲಂನಲ್ಲಿ ಮಾಲೀಕರಿಗೆ ಹಂಚಿದ ವಿಸ್ತೀರ್ಣವೂ ಹೊಂದಬೇಕು. ಹಳೆಯ ಕೈಬರಹದಲ್ಲಿ ಹೊಂದದೆ ಉಳಿದದ್ದು ಕಂಪ್ಯೂಟರಿನಲ್ಲಿ ಎದ್ದು ಕಂಡಿತು. ‘ಕಾಲಂ 3 ಮತ್ತು 9ರ ವ್ಯತ್ಯಾಸ’ ಎಂಬುದು ತಾಲೂಕು ಕಚೇರಿಯ ಅಂಗಳದಲ್ಲಿ ರೈತರೇ ಆಡುವ ಮಾತಾಯಿತು.

ಇದೇ ಅವಧಿಯಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಜಾಲತಾಣದ ನಮೂನೆ ಬೆಳೆಯುತ್ತಿತ್ತು. 1993ರಲ್ಲಿ ಮೊಸಾಯಿಕ್ ಬ್ರೌಸರ್ ತುಂಬಬಹುದಾದ ಕಾಲಂಗಳನ್ನು ತೋರಿಸತೊಡಗಿತು, 1995ರ ಎಚ್‌ಟಿಎಂಎಲ್ 2.0 ಅದನ್ನು ಪ್ರಮಾಣವಾಗಿ ಬರೆಯಿತು. ಆಗ ಒಂದು ಕಾಲಂ ಖಾಲಿ ಬಿಟ್ಟರೂ ಇಡೀ ಪುಟ ಸರ್ವರಿಗೆ ಹೋಗಿ ಮರಳಿ ಬರಬೇಕಿತ್ತು. ಅದೇ ವರ್ಷ ಬಂದ ಜಾವಾಸ್ಕ್ರಿಪ್ಟ್ ಆ ತಪಾಸಣೆಯನ್ನು ಬ್ರೌಸರಿನೊಳಗೇ ಮಾಡತೊಡಗಿತು. 2014ರಲ್ಲಿ ಅಂತಿಮವಾದ ಎಚ್‌ಟಿಎಂಎಲ್ 5ರಲ್ಲಿ ‘ಕಡ್ಡಾಯ’, ‘ಇದು ದಿನಾಂಕ’, ‘ಇದು ಇಮೇಲ್’ ಎಂದು ಕಾಲಂಗೇ ಗುರುತು ಕೊಡುವ ಅನುಕೂಲ ಸೇರಿತು. ಬ್ರೌಸರಿನ ತಪಾಸಣೆ ತುಂಬುವವರ ಅನುಕೂಲಕ್ಕೆ ಮಾತ್ರ. ಅದನ್ನು ದಾಟಿ ಏನನ್ನಾದರೂ ಕಳಿಸಬಹುದಾದ್ದರಿಂದ ಸರ್ವರ್ ಎಲ್ಲವನ್ನೂ ಮತ್ತೆ ನೋಡಲೇಬೇಕು. ಪಟವಾರಿ ಬರೆದದ್ದನ್ನು ಗಿರ್ದಾವರ್ ಮತ್ತೆ ನೋಡುತ್ತಿದ್ದ ಕಾರಣವೂ ಇದೇ.

ಸಂಖ್ಯೆಗಳ ತಪಾಸಣೆ ಸುಲಭ. ಹುಮನಾಬಾದಿನ ಪಿನ್ ಕೋಡ್ 585330, ಬಸವಕಲ್ಯಾಣದ್ದು 585327. ಆರು ಅಂಕಿ ಇದೆಯೇ ಎಂದು ನೋಡಿದರೆ ಮೊದಲ ಹೆಜ್ಜೆ ಮುಗಿಯಿತು. ಆಧಾರ್‌ನ ಹನ್ನೆರಡನೇ ಅಂಕಿ ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಬರುವಂಥದ್ದು. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಕೊಟ್ಟ ಈ ವಿಧಾನದಲ್ಲಿ ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ.

ಕಷ್ಟವಿರುವುದು ಹೆಸರಿನಲ್ಲಿ. ‘ಮಾಣಿಕನಗರ’ ಕನ್ನಡಿಗರ ಕಣ್ಣಿಗೆ ಆರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಎಂಟು ಸಂಕೇತ, ಯಾಕೆಂದರೆ ದೀರ್ಘ ಮತ್ತು ಗುಡಿಸು ಪ್ರತ್ಯೇಕ ಸಂಕೇತಗಳು. ‘ಅಕ್ಷರಗಳಿಗೆ ಮಾತ್ರ ಅವಕಾಶ’ ಎಂದು ನಿಯಮ ಬರೆದವರು ಸ್ವರಚಿಹ್ನೆಗಳನ್ನು ಸೇರಿಸದಿದ್ದರೆ ಮಕಾರ ಒಳಗೆ ಹೋಗಿ ಅದರ ದೀರ್ಘ ಹೊರಗೆ ನಿಲ್ಲುತ್ತದೆ, ಸರಿಯಾಗಿ ಬರೆದ ಹೆಸರು ತಪ್ಪೆನಿಸಿಕೊಳ್ಳುತ್ತದೆ. ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆದವರಿಗೆ ತಪ್ಪು ಎನ್ನುವ ನಮೂನೆ ಕೆಟ್ಟ ನಮೂನೆ. ತಪ್ಪು ಪೂರ್ತಿ ಅದನ್ನು ಕಟ್ಟಿದವರದು.

ದಿನಾಂಕವೂ ಹಾಗೆಯೇ. 1330 ಫಸಲಿಯ ಪಟ್ಟಾಕ್ಕೆ 590 ಕೂಡಿಸಿ 1920 ಎಂದು ಅರ್ಥ ಮಾಡಿಕೊಳ್ಳಬೇಕು. ಪರದೆಯ ಕ್ಯಾಲೆಂಡರಿಗೆ ಫಸಲಿ ತಿಳಿಯದು. ಹಳ್ಳಿಯ ಹಿರಿಯರಲ್ಲಿ ಅನೇಕರ ಜನ್ಮದಿನ ದಾಖಲೆಯಲ್ಲಿ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ಯಾವ ತಪಾಸಣೆಯೂ ಅದನ್ನು ತಡೆಯುವುದಿಲ್ಲ.

ಈ ಸೀಮೆಯ ಚರಿತ್ರೆಯೇ ಒಂದು ಕಾಲಂ ಆದದ್ದು 371(ಜೆ) ವಿಧಿಯಿಂದ. ಸಂವಿಧಾನದ 98ನೇ ತಿದ್ದುಪಡಿಯ ಫಲವಾಗಿ 2013ರಿಂದ ಪ್ರವೇಶ ಮತ್ತು ನೇಮಕದ ಅರ್ಜಿಗಳಲ್ಲಿ ‘ಹೈದರಾಬಾದ್ ಕರ್ನಾಟಕದವರೇ?’ ಎಂಬ ಪ್ರಶ್ನೆ ಬಂತು. ಹೌದು ಎನ್ನಲು ಉಪವಿಭಾಗಾಧಿಕಾರಿಯ ಅರ್ಹತಾ ಪತ್ರ ಬೇಕು. ಸಾಮಾನ್ಯವಾಗಿ ಅಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಹತ್ತು ವರ್ಷ ನೆಲೆಸಿರಬೇಕು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು.

2019ರ ಫೆಬ್ರವರಿಯಲ್ಲಿ ಪಿಎಂ ಕಿಸಾನ್ ಬಂದು ವರ್ಷಕ್ಕೆ 6,000 ರೂಪಾಯಿ ರೈತರ ಖಾತೆಗೆ ಹಾಕತೊಡಗಿದಾಗ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಒಂದಕ್ಕೊಂದು ಹೊಂದಿಸಬೇಕಾಯಿತು. ಹೊಸ ನಮೂನೆಗಳಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಬರೆಯುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಸರ್ವೆ ನಂಬರ್ ಕೊಟ್ಟರೆ ವಿವರ ‘ಭೂಮಿ’ಯಿಂದ ತಾನೇ ಬಂದು ಕೂರುತ್ತದೆ. ಆದರೂ ಆಧಾರ್‌ನ ಮಾಣಿಕಪ್ಪನಿಗೂ ಪಹಣಿಯ ಮಾನಿಕಪ್ಪನಿಗೂ ತಾಳೆಯಾಗದಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡಬೇಕು. ಮೂಲ ದಾಖಲೆ ಉರ್ದುವಿನಲ್ಲಿದ್ದರೆ ಅದನ್ನು ಓದಬಲ್ಲವರನ್ನು ಹುಡುಕಿ ಕನ್ನಡ ಅನುವಾದ ಮಾಡಿಸಬೇಕು.