ಕಾನೂನು ಓದುವವರು ಕಲ್ಯಾಣದಿಂದ ಹೊರಡಲಿ

ಜೂನ್ ಬಂತೆಂದರೆ ಧಾರವಾಡದ ನನ್ನ ಆಫೀಸಿಗೆ ಕಕ್ಷಿದಾರರ ಜೊತೆ ಇನ್ನೊಂದು ಗುಂಪೂ ಬರುತ್ತದೆ. ಪಿಯುಸಿ ಮುಗಿಸಿದ ಮಕ್ಕಳು, ಬೆನ್ನಿಗೆ ಅವರ ತಂದೆತಾಯಿ. ‘ವಕೀಲ್ರ, ಹುಡುಗಿ ಲಾ ಮಾಡ್ತೀನಿ ಅಂತಾಳ. ಕಾಲೇಜು ಸುರು ಆಗೂತನಕ ಏನ್ ಓದಸೋಣ್ರಿ?’ ಹುಡುಗಿಯ ಕೈಯಲ್ಲಿ ಆಗಲೇ ಇಟ್ಟಿಗೆ ಗಾತ್ರದ ಗೈಡು ಇರುತ್ತದೆ. ‘ಅದನ್ನು ಬದಿಗಿಡವಾ, ವಿಜ್ಞಾನೇಶ್ವರನಿಂದ ಸುರು ಮಾಡು’ ಅಂದರೆ ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಚೇಷ್ಟೆಯಲ್ಲ. ಇವತ್ತಿನ ಬಸವಕಲ್ಯಾಣ ಆಗ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿ. 1076ರಿಂದ ಐವತ್ತು ವರ್ಷ ಆಳಿದ ಆ ರಾಜನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಯ ಸುಮಾರು ಸಾವಿರ ಶ್ಲೋಕಗಳಿಗೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಗ್ರಂಥದ ಕೊನೆಗೆ ಕಲ್ಯಾಣದಂಥ ಪಟ್ಟಣ, ವಿಕ್ರಮನಂಥ ದೊರೆ, ತನ್ನಂಥ ಪಂಡಿತ, ಮೂವರಿಗೂ ಸಾಟಿಯಿಲ್ಲವೆಂದು ಹೊಗಳಿಕೊಂಡಿದ್ದಾನೆ. ವಕೀಲಿಕೆಗೆ ಬೇಕಾದ ಧೈರ್ಯ ಅವನಲ್ಲಿ ಧಾರಾಳವಾಗಿತ್ತು ಅನ್ನಿ.

ಲಾ ಸೇರುವ ಮಕ್ಕಳಿಗೆ ನಾನು ತೋರಿಸುವುದು ಮಿತಾಕ್ಷರದ ದಾಯವಿಭಾಗದ, ಅಂದರೆ ಆಸ್ತಿ ಪಾಲಿನ ಭಾಗದ, ಶುರುವಿನ ವಾದವನ್ನು. ಒಂದು ವಸ್ತು ನನ್ನದು ಎಂಬುದು ಶಾಸ್ತ್ರದಿಂದ ಗೊತ್ತಾಗುವ ಸಂಗತಿಯೋ, ಲೋಕವ್ಯವಹಾರದಿಂದಲೋ? ಲೋಕವ್ಯವಹಾರದಿಂದಲೇ ಎನ್ನುತ್ತಾನೆ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಅವರಿಗೂ ಸ್ವತ್ತು ಎಂಬುದಿದೆಯಲ್ಲ ಎಂಬುದು ಅವನ ತರ್ಕ. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ಒಂದೊಂದೇ ಎಳೆ ಬಿಡಿಸುತ್ತಾನೆ. ಲಿಖಿತ ವಾದ ಬರೆಯುವ ನನ್ನ ಜೂನಿಯರುಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ.

ಮುಂದಿನ ಹೆಜ್ಜೆಯೇ ನಮ್ಮ ಕೋರ್ಟುಗಳನ್ನು ಇಷ್ಟು ಕಾಲ ತುಂಬಿಸಿದ್ದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ವಿಜ್ಞಾನೇಶ್ವರ ತೀರ್ಮಾನಿಸಿದ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ, ಇಲ್ಲ, ತಂದೆ ತೀರಿದ ಮೇಲೆಯೇ ಎಂದ. 1810ರಲ್ಲಿ ಕೋಲ್‌ಬ್ರೂಕ್ ಎರಡನ್ನೂ ಇಂಗ್ಲಿಷಿಗೆ ತಂದು ಒಂದೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಸಂಸ್ಕೃತ ಬಾರದ ಬ್ರಿಟಿಷ್ ನ್ಯಾಯಾಧೀಶರು ಆ ಪುಸ್ತಕ ಹಿಡಿದೇ ತೀರ್ಪು ಬರೆದರು. ಬಂಗಾಳದ ಕಡೆ ದಾಯಭಾಗ, ಉಳಿದ ಬಹುಪಾಲು ದೇಶಕ್ಕೆಲ್ಲ ಮಿತಾಕ್ಷರ. ಧಾರವಾಡ ಜಿಲ್ಲೆಯಲ್ಲಿ ನಾನು ನಡೆಸಿದ ವಾಟ್ನಿ (ಆಸ್ತಿ ಪಾಲಿನ) ದಾವೆಗಳಲ್ಲಿ ಕಲ್ಯಾಣದ ಆ ಪಂಡಿತನ ನೆರಳು ಬೀಳದ ಕೇಸು ಅಪರೂಪ.

ಅವನು ಹೇಳಿದ್ದು ಮಗನಿಗೆ. ಮಗಳ ಪಾಲಿನ ಕಥೆ ನಿಧಾನವಾಗಿ ನಡೆಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳಿಗೆ ಒಂದು ಕಾಯಿದೆ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅವಿಭಕ್ತ ಕುಟುಂಬದ ಹುಟ್ಟುಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ, ಕೇಂದ್ರ 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟವು. ತಂದೆ ಅದಕ್ಕೂ ಮೊದಲೇ ತೀರಿಹೋಗಿದ್ದರೆ? 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದಿತು. ವಾದದ ಬೇರು ಎಲ್ಲಿಯದು ನೋಡಿ.

ಎರಡನೆಯ ಓದು ಸುಲಭದ್ದು. 1837ರಲ್ಲಿ ಮೆಕಾಲೆ ದಂಡಸಂಹಿತೆಯ ಕರಡು ಒಪ್ಪಿಸಿದ. ಕೋರ್ಟಿನ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ, ಆದರೆ ಬರವಣಿಗೆ ಬಲ್ಲವನು. ಕರಡು ಕಾಯಿದೆಯಾದದ್ದು 1860ರಲ್ಲಿ, ಅಷ್ಟರಲ್ಲಿ ಅವನು ತೀರಿಕೊಂಡಿದ್ದ. ಸೆಕ್ಷನ್ನಿನ ಕೆಳಗೆ ಪುಟ್ಟ ಪುಟ್ಟ ಉದಾಹರಣೆ ಕೊಡುವ ಪದ್ಧತಿ ಆ ಕರಡಿನದು. ಕಳವಿನ ಸೆಕ್ಷನ್ನಿಗೆ ಬರೋಣ. ಹಣದ ಪೆಟ್ಟಿಗೆ ಹೊತ್ತ ಎತ್ತೊಂದು ಎದುರಾಗುತ್ತದೆ. ಹಣ ಹೊಡೆಯುವ ಉದ್ದೇಶದಿಂದ ಒಬ್ಬ ಅದನ್ನು ಬೇರೆ ದಿಕ್ಕಿಗೆ ಅಟ್ಟುತ್ತಾನೆ. ಕಳವು ಆದದ್ದು ಯಾವಾಗ? ಪೆಟ್ಟಿಗೆ ಮುಟ್ಟಿದಾಗಲ್ಲ, ಎತ್ತು ಕದಲಿದಾಗ. ಇನ್ನೊಬ್ಬ ಜೇಬಿನಲ್ಲಿ ತಿನಿಸಿಟ್ಟುಕೊಂಡು ಪರರ ನಾಯಿಯನ್ನು ಹಿಂದೆ ಬರುವಂತೆ ಮಾಡುತ್ತಾನೆ. ನಾಯಿ ಹಿಂಬಾಲಿಸತೊಡಗಿದ ಕೂಡಲೇ ಕಳವು. ಹಳೆಯ 378 ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303 ಬಂದಿದೆ. ಎತ್ತು, ನಾಯಿ ಎರಡೂ ಅಲ್ಲೇ ಇವೆ. ಗೈಡುಗಳು ಮೊದಲು ಕತ್ತರಿಸುವುದು ಇವನ್ನೇ. ನನಗೆ ಸಿಟ್ಟು ಬರುವುದು ಅದಕ್ಕೆ.

ನಮ್ಮ ಹಿಂದಿನವರಿಗೆ ಗೈಡೂ ಇರಲಿಲ್ಲ, ಹತ್ತಿರ ಕಾಲೇಜೂ ಇರಲಿಲ್ಲ. ಪುಣೆಯ ಲಾ ಕಾಲೇಜು 1924ರಲ್ಲಿ ತೆರೆಯಿತು. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ ಇಬ್ಬರೂ ಕಾನೂನು ಪದವಿ ತಂದದ್ದು ಪುಣೆಯಿಂದ. ಬೆಳಗಾವಿಗೆ ರಾಜಾ ಲಖಮಗೌಡ ಕಾಲೇಜು ಬಂದದ್ದು 1939ರಲ್ಲಿ. ಆ ಕಾಲದ ವಕೀಲರ ಮೇಜಿನ ಮೇಲೆ ಮುಲ್ಲಾ ಬರೆದ ಹಿಂದೂ ಕಾನೂನು, ಪಕ್ಕದಲ್ಲಿ ಮೂಲ ಕಾಯಿದೆ. ನನ್ನ ಸೀನಿಯರು ಮೊದಲ ದಿನ ನನ್ನ ಕೈಗಿಟ್ಟದ್ದೂ ಈ ಎರಡನ್ನೇ.

ಸಂವಿಧಾನವನ್ನು ಹೇಗೆ ಓದಬೇಕೆಂದು ಕೇಳುವವರಿಗೆ ಮಂಗಳೂರಿನ ಬೆನಗಲ್ ನರಸಿಂಗರಾಯರನ್ನು ನೆನಪಿಸುತ್ತೇನೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರು 1947ರ ಮಾರ್ಚಿನಲ್ಲಿ ಸದಸ್ಯರಿಗೆ ಒಂದು ಪ್ರಶ್ನಾವಳಿ ಕಳಿಸಿದರು: ದೇಶದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು, ಹೇಗೆ ಆರಿಸಬೇಕು ಎಂಬಂಥ ಪ್ರಶ್ನೆಗಳು. ಅಕ್ಟೋಬರಿನಲ್ಲಿ 243 ವಿಧಿಗಳ ಕರಡು ತಯಾರಾಯಿತು. ಅವರ ಟಿಪ್ಪಣಿಗಳನ್ನು ತಮ್ಮ ಶಿವರಾಯರು 1960ರಲ್ಲಿ ಪುಸ್ತಕವಾಗಿ ತಂದರು. 395 ವಿಧಿ ಬಾಯಿಪಾಠ ಮಾಡುವ ಮೊದಲು ಅವುಗಳ ಹಿಂದಿನ ಪ್ರಶ್ನೆಗಳನ್ನು ನೋಡಿರಬೇಕು.

ತೀರ್ಪು ಓದುವುದಾದರೆ ಒಂದನ್ನು ಓದಿ. ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ 1973ರ ಏಪ್ರಿಲ್ 24ರಂದು ಸಂಸತ್ತು ಸಂವಿಧಾನವನ್ನು ಎಷ್ಟು ತಿದ್ದಬಹುದೆಂಬ ಪ್ರಶ್ನೆಯಲ್ಲಿ ಹದಿಮೂರು ನ್ಯಾಯಮೂರ್ತಿಗಳು ಏಳು–ಆರರಲ್ಲಿ ಒಡೆದರು. ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರು ಬಹುಮತದಲ್ಲಿದ್ದರು. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹದಿನೆಂಟರ ವಯಸ್ಸಿನಲ್ಲಿ ಆ ಇಡೀ ತೀರ್ಪು ಜೀರ್ಣವಾಗದು. ಹೆಗ್ಡೆಯವರು ಮುಖರ್ಜಿಯವರೊಡನೆ ಕೂಡಿ ಬರೆದ ಭಾಗವೊಂದೇ ಸಾಕು. ಸುಪ್ರೀಂ ಕೋರ್ಟಿನ ತೀರ್ಪುಗಳೂ ಕೇಂದ್ರದ ಕಾಯಿದೆಗಳೂ ಈಗ ಸರ್ಕಾರಿ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಗೈಡಿಗೆ ಕೊಡುವ ದುಡ್ಡು ಉಳಿಸಿ, ಬಸವಕಲ್ಯಾಣಕ್ಕೊಮ್ಮೆ ಹೋಗಿಬನ್ನಿ.