ವಚನಪಾಠದ ದೋಷಗಳು: ಗುರುತಿಸುವ, ತಿಳಿಸುವ ಮತ್ತು ತಿದ್ದುವ ಕ್ರಮ



ವಚನಗಳು ಇಂದು ಗ್ರಂಥಗಳಲ್ಲಿ ಮಾತ್ರವಲ್ಲದೆ ಗಣಕಯಂತ್ರದಲ್ಲಿ, ಮೊಬೈಲಿನಲ್ಲಿ, ಶಾಲೆಯ ಗೋಡೆಯ ಮೇಲೆ, ಜಾತ್ರೆಯ ಕರಪತ್ರದಲ್ಲಿ ನಿತ್ಯವೂ ಕಾಣಸಿಗುತ್ತವೆ. ಇದು ಹರ್ಷದ ಸಂಗತಿ. ಆದರೆ ಒಂದು ಕಡೆ ನುಸುಳಿದ ತಪ್ಪು ಅಷ್ಟೇ ವೇಗವಾಗಿ ನೂರು ಕಡೆ ಹರಡುತ್ತದೆ. ವಚನ ಕಂಠಪಾಠ ಮಾಡುವ ಮಗುವಿನ ನಾಲಗೆಯಲ್ಲಿ ತಪ್ಪು ಪಾಠ ನೆಲೆಗೊಂಡರೆ ಅದನ್ನು ಮುಂದೆ ತಿದ್ದುವುದು ಕಷ್ಟ. ಆದಕಾರಣ ಯಾವಗಲ್ ಹಾಗೂ ಸುತ್ತಲಿನ ರೋಣ, ನರಗುಂದ, ಗಜೇಂದ್ರಗಡ ಭಾಗದ ಸದ್ಭಕ್ತರ ಉಪಯೋಗಕ್ಕಾಗಿ, ಓದುಗರು ಕಂಡ ದೋಷವನ್ನು ಹೇಗೆ ಗುರುತಿಸಬೇಕು, ಹೇಗೆ ತಿಳಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ.

ಪರಂಪರೆಯಲ್ಲಿ ತಿದ್ದುಪಡಿ

ತಪ್ಪನ್ನು ತೋರಿಸುವುದು ಶರಣಧರ್ಮಕ್ಕೆ ಹೊಸದಲ್ಲ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದರು. ಮಾರಯ್ಯನವರು ಅದನ್ನು ಒಪ್ಪಿ ನಡೆದರು. ತಪ್ಪನ್ನು ಹೇಳಿದ ಸತಿಯೂ ಅದನ್ನು ಒಪ್ಪಿದ ಪತಿಯೂ ಇಬ್ಬರೂ ನಮಗೆ ಪೂಜ್ಯರು.

ಗ್ರಂಥಗಳ ವಿಷಯದಲ್ಲಿಯೂ ಹೀಗೆಯೇ. ತಾಳೆಗರಿಯ ಪ್ರತಿ ಮಾಡಿದ ಲಿಪಿಕಾರರು ಕೊನೆಯಲ್ಲಿ, ತಪ್ಪುಗಳಿದ್ದರೆ ಓದುವವರು ತಿದ್ದಿಕೊಳ್ಳಬೇಕೆಂದು ಬಿನ್ನಹ ಮಾಡಿಕೊಳ್ಳುವ ವಾಡಿಕೆಯಿತ್ತು. ಶೂನ್ಯಸಂಪಾದನೆಯನ್ನು ಮೊದಲು ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದರು. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಹೀಗೆ ಒಂದೇ ಕೃತಿ ನಾಲ್ಕು ರೂಪಗಳಲ್ಲಿ ಬೆಳೆಯಿತು. ಹಿಂದಿನವರ ಶ್ರಮವನ್ನು ಗೌರವಿಸುತ್ತಲೇ ಅದನ್ನು ಪರಿಶೀಲಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಧುನಿಕ ಕಾಲದಲ್ಲಿ ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡೇ ಊರೂರು ತಿರುಗಿ, ಮಠಗಳಲ್ಲಿ ಮತ್ತು ಮನೆಗಳಲ್ಲಿದ್ದ ಓಲೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಅಚ್ಚಿಗೆ ತಂದ ಪಾಠಗಳನ್ನು ಮುಂದಿನ ವಿದ್ವಾಂಸರು ಬೇರೆ ಬೇರೆ ಪ್ರತಿಗಳೊಡನೆ ಹೋಲಿಸಿ ಶೋಧಿಸುತ್ತ ಬಂದರು. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಪ್ರಕಟಿಸಿತು. ಇಂದು ಪಾಠವನ್ನು ಹೋಲಿಸಿ ನೋಡಲು ಈ ಸಂಪುಟಗಳೇ ಮೊದಲ ಆಧಾರ.

ದೋಷಗಳ ಬಗೆಗಳು

1. ಲಿಪಿಕಾರದೋಷ: ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳ ಭೇದವನ್ನು ಎಲ್ಲೆಡೆ ತೋರಿಸುವುದಿಲ್ಲ. ಆದ್ದರಿಂದ ಪದವನ್ನು ಎಲ್ಲಿ ಬಿಡಿಸಬೇಕೆಂಬುದರಲ್ಲಿಯೇ ಅರ್ಥ ಬದಲಾಗಬಹುದು.

2. ಅಚ್ಚಿನ ದೋಷ: ಅಲ್ಪಪ್ರಾಣ ಮಹಾಪ್ರಾಣಗಳ ಪಲ್ಲಟ, ಒತ್ತಕ್ಷರ ಬಿಟ್ಟುಹೋಗುವುದು, ‘ಘನ’ ಎಂಬುದು ‘ಫನ’ ಆಗುವುದು, ಒಂದು ಸಾಲೇ ಜಾರಿಹೋಗುವುದು.

3. ಗಣಕದ ದೋಷ: ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಸ್ಥಾನ ತಪ್ಪುವುದುಂಟು. ಹಳೆಯ ಶೈಲಿಯಲ್ಲಿ ಅರ್ಕಾವೊತ್ತನ್ನು ವ್ಯಂಜನದ ಅನಂತರ ದಾಖಲಿಸಲಾಗುತ್ತಿತ್ತು. ಯೂನಿಕೋಡಿನಲ್ಲಿ ರಕಾರವು ವ್ಯಂಜನದ ಮೊದಲೇ ಬರಬೇಕು. ಆ ಕ್ರಮ ಕೆಟ್ಟರೆ ‘ಧರ್ಮ’ವು ‘ಧಮರ್’ ಎಂದೂ ‘ಕರ್ಮ’ವು ‘ಕಮರ್’ ಎಂದೂ ಮೂಡುತ್ತದೆ. ಇನ್ನೊಂದು ದೋಷ ಕಣ್ಣಿಗೆ ಬೀಳುವುದೇ ಇಲ್ಲ: ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನು ಒತ್ತಿ ‘ಲಿ೦ಗ’ ಎಂದು ಬರೆದರೆ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ‘ಲಿಂಗ’ ಎಂದು ಹುಡುಕಿದವರಿಗೆ ಆ ವಚನ ಸಿಗುವುದಿಲ್ಲ.

4. ಕರ್ತೃದೋಷ: ಒಬ್ಬ ಶರಣರ ವಚನವನ್ನು ಇನ್ನೊಬ್ಬರ ಹೆಸರಿನಲ್ಲಿ ಹಂಚುವುದು, ಅಥವಾ ಈಚಿನವರ ಮಾತಿಗೆ ಅಂಕಿತ ಸೇರಿಸಿ ವಚನವೆಂದು ಕರೆಯುವುದು. ಇದು ಎಲ್ಲಕ್ಕಿಂತ ಗಂಭೀರವಾದುದು. ಮೊದಲ ಪರೀಕ್ಷೆ ಅಂಕಿತವೇ. ಬಸವಣ್ಣನವರದು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ, ಸಿದ್ಧರಾಮೇಶ್ವರರದು ಕಪಿಲಸಿದ್ಧಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನವರದು ರಾಮನಾಥ. ಅಂಕಿತ ಸರಿಯಿದ್ದ ಮಾತ್ರಕ್ಕೆ ವಚನ ಸಾಚಾ ಎನ್ನಲಾಗದು. ಸಂಪುಟದಲ್ಲಿ ಅದು ದೊರೆಯುವುದೇ ಎಂದು ನೋಡಲೇಬೇಕು.

ದೋಷ ಬೇರೆ, ಪಾಠಾಂತರ ಬೇರೆ

ಎರಡು ಪ್ರಾಚೀನ ಪ್ರತಿಗಳಲ್ಲಿ ಒಂದು ಪದ ಎರಡು ರೂಪದಲ್ಲಿದ್ದರೆ ಅದು ಪಾಠಾಂತರ. ಅದನ್ನು ಅಳಿಸಬಾರದು, ದಾಖಲಿಸಬೇಕು. ನಮಗೆ ಅಪರಿಚಿತವೆಂಬ ಕಾರಣಕ್ಕೆ ಒಂದು ಪದವನ್ನು ತಪ್ಪೆಂದು ತಿದ್ದುವುದು ಅಪಾಯಕರ. ವಚನಕಾರರಲ್ಲಿ ಅಂಬಿಗರು, ನೇಕಾರರು, ದನಗಾಹಿಗಳು, ಒಕ್ಕಲು ಮಕ್ಕಳು ಎಲ್ಲರೂ ಇದ್ದರು. ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ ಎಂಬ ಹೆಸರುಗಳೇ ಅದನ್ನು ಸಾರುತ್ತವೆ. ಅವರ ಕಾಯಕದ ನುಡಿ ಪಂಡಿತರಿಗೆ ತೊಡಕಾದರೂ, ಕೂರಿಗೆ ಹಿಡಿದು ಎರೆಹೊಲ ಬಿತ್ತಿದ ನಮ್ಮ ಭಾಗದ ಹಿರಿಯರಿಗೆ ಸಹಜವಾಗಿ ತಿಳಿಯಬಹುದು. ಆದುದರಿಂದ ಓದುಬರಹ ಬಾರದ ಹಿರಿಯರ ಅಭಿಪ್ರಾಯವನ್ನೂ ಕೇಳಿ ಬರೆದುಕೊಳ್ಳಬೇಕು. ಅವರೊಂದಿಗೆ ಆ ಅರ್ಥವೂ ಮರೆಯಾದರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ.

ತಿಳಿಸುವ ಕ್ರಮ

“ಇದರಲ್ಲಿ ಬಹಳ ತಪ್ಪುಗಳಿವೆ” ಎಂಬ ಮಾತು ತಿದ್ದುವವರಿಗೆ ನೆರವಾಗದು. ಉತ್ತಮ ವರದಿಯಲ್ಲಿ ಈ ಆರು ವಿಷಯಗಳಿರಬೇಕು:

• ವಚನದ ಮೊದಲ ಸಾಲು ಮತ್ತು ವಚನಕಾರರ ಹೆಸರು
• ತಪ್ಪು ಕಂಡ ಸ್ಥಳ: ಗ್ರಂಥವಾದರೆ ಮುದ್ರಣದ ವರ್ಷ ಮತ್ತು ಪುಟ, ಮೊಬೈಲಿನಲ್ಲಾದರೆ ಪರದೆಯ ಚಿತ್ರ
• ಈಗಿರುವ ಪಾಠ, ಇದ್ದಂತೆಯೇ
• ಇರಬೇಕಾದ ಪಾಠ
• ಅದಕ್ಕೆ ಆಧಾರ: ಸಂಪುಟ, ಓಲೆಗರಿ ಅಥವಾ ಹಿರಿಯರಿಂದ ಕೇಳಿದ ಮಾತು
• ಅಕ್ಷರಗಳು ಒಡೆದು ಕಂಡಿದ್ದರೆ, ಯಾವ ಬಗೆಯ ಮೊಬೈಲು ಅಥವಾ ಗಣಕದಲ್ಲಿ ಕಂಡಿತೆಂಬುದು

ಕೊನೆಯ ವಿಷಯ ಏಕೆಂದರೆ, ಕೆಲವೊಮ್ಮೆ ಪಠ್ಯ ಶುದ್ಧವಾಗಿದ್ದು ಉಪಕರಣದಲ್ಲಿರುವ ಅಕ್ಷರಶೈಲಿಯೇ ಅದನ್ನು ಕೆಡಿಸಿ ತೋರಿಸುತ್ತಿರುತ್ತದೆ. ಒಂದು ವರದಿಯಲ್ಲಿ ಒಂದೇ ದೋಷವನ್ನು ಹೇಳುವುದು ಲೇಸು. ಬರೆಯಲಾಗದವರು ಧ್ವನಿಮುದ್ರಿಸಿ ಕಳುಹಿಸಬಹುದು. ಮನೆಯ ಮಕ್ಕಳಿಂದ ಬರೆಯಿಸಬಹುದು.

ಸ್ವೀಕರಿಸುವವರ ಹೊಣೆ

ವರದಿ ಬಂದೊಡನೆ ಅದು ತಲುಪಿತೆಂದು ತಿಳಿಸಬೇಕು. ದಿನಾಂಕದೊಡನೆ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಒಬ್ಬರು ಸೂಚಿಸಿದ ತಿದ್ದುಪಡಿಯನ್ನು ಇನ್ನೊಬ್ಬರು ಆಧಾರದೊಡನೆ ಪರಿಶೀಲಿಸದೆ ಅಳವಡಿಸಬಾರದು. ತಿದ್ದಿದ ಮೇಲೆ ಹಳೆಯ ಪಾಠವನ್ನೂ ಕಾಯ್ದಿಡಬೇಕು, ಏಕೆಂದರೆ ತಿದ್ದುಪಡಿಯೇ ತಪ್ಪೆಂದು ಮುಂದೆ ತಿಳಿಯಬಹುದು. ಸೂಚನೆಯನ್ನು ಒಪ್ಪದಿದ್ದಾಗ ಕಾರಣವನ್ನು ವಿನಯದಿಂದ ತಿಳಿಸಬೇಕು. ಉತ್ತರ ಪಡೆಯದ ಭಕ್ತರು ಎರಡನೆಯ ಸಲ ಬರೆಯುವುದಿಲ್ಲ. ಅವರ ಮೌನದೊಂದಿಗೆ ಮುಂದಿನ ಹತ್ತು ತಪ್ಪುಗಳೂ ಉಳಿದುಹೋಗುತ್ತವೆ. ವರ್ಷಕ್ಕೊಮ್ಮೆ ತಿದ್ದುಪಡಿಗಳ ಪಟ್ಟಿಯನ್ನು ಶುದ್ಧಿಪತ್ರವಾಗಿ ಪ್ರಕಟಿಸಿದರೆ, ಹಳೆಯ ಪ್ರತಿ ಇರಿಸಿಕೊಂಡವರೂ ತಿದ್ದಿಕೊಳ್ಳಬಹುದು.

ಮನೆಯ ಜಗುಲಿಯ ಮೇಲೆ ಅಥವಾ ಅಟ್ಟದಲ್ಲಿ ಹಳೆಯ ಓಲೆಗರಿ, ಕೈಬರಹದ ವಚನದ ಕಟ್ಟು ಇದ್ದವರು ಅದನ್ನು ಹೊಳೆಗೆ ಬಿಡದೆ, ಪೂಜೆಗಷ್ಟೇ ಮೀಸಲಿಡದೆ, ಬಲ್ಲವರಿಗೆ ತೋರಿಸಿ ಛಾಯಾಚಿತ್ರ ತೆಗೆಯಿಸಬೇಕೆಂದು ವಿನಂತಿ. ಒಂದು ವಚನದ ಶುದ್ಧಪಾಠ ನಿಮ್ಮ ಮನೆಯ ಗರಿಯಲ್ಲಿಯೇ ಇರಬಹುದು. ಶರಣರ ನುಡಿಯನ್ನು ಶುದ್ಧವಾಗಿ ಮುಂದಿನವರ ಕೈಗೆ ದಾಟಿಸುವುದೂ ಒಂದು ಕಾಯಕ. ಕಂಡ ತಪ್ಪನ್ನು ತಿಳಿಸುವುದು ಆ ಕಾಯಕದಲ್ಲಿ ಪ್ರತಿಯೊಬ್ಬರ ಪಾಲಿನ ದಾಸೋಹ.